ಸಂಬಳದವರ ಕ್ಯಾಮೆರಾ



ರಾಜ್ಯೋತ್ಸವದ ವೇದಿಕೆಯ ಮೇಲೆ ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಅವೆರಡರಲ್ಲಿಯೂ ಅಧಿಕಾರವಿಲ್ಲ. ಆದರೆ ರವಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಖಾಡಿಯ ದಂಡೆಗೆ ಹೊರಡುವ ಚಾಳಿ ನಮಗುಂಟೆಂಬುದು ಇಲ್ಲಿ ಕುಳಿತ ಅನೇಕರಿಗೆ ತಿಳಿದ ಸಂಗತಿ. ಆದ್ದರಿಂದಲೇ ಕಾರ್ಯಕಾರಿ ಸಮಿತಿಯವರು ಈ ವಿಷಯವನ್ನು ನಮ್ಮ ತಲೆಗೆ ಕಟ್ಟಿದ್ದಾರೆ. ಹವ್ಯಾಸಿಗಳಿಗೆ ನಾಲ್ಕು ಉಪಯುಕ್ತ ಮಾತು ಹೇಳಿರೆಂದು ಅಪ್ಪಣೆಯಾಗಿದೆ. ನಾಲ್ಕಕ್ಕೆ ನಿಲ್ಲುವುದೋ ಇಲ್ಲವೋ, ಪ್ರಯತ್ನಿಸುತ್ತೇವೆ.

ನಮ್ಮನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಕ್ಯಾಮೆರಾ ಕೊಳ್ಳಬೇಕು?" ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾವು ಒಂದು ಮರುಪ್ರಶ್ನೆ ಹಾಕುವುದುಂಟು. ಪಟ ತೆಗೆಯುವುದು ಏತಕ್ಕೆ? ಬ್ಯಾಂಕಿನವರಿಗೆ ವೋಚರು ಹೇಗೋ ಹಾಗೆ, ಸಂಸಾರಸ್ಥನಿಗೆ ಛಾಯಾಚಿತ್ರವು ಒಂದು ದಾಖಲೆ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥವರು ಇದ್ದರು ಎಂಬುದಕ್ಕೆ ಅದೇ ಸಾಕ್ಷಿ. ಊರಿನಲ್ಲೇ ನಿಂತವರಿಗೆ ಆ ಸಾಕ್ಷಿ ಅಷ್ಟಾಗಿ ಬೇಕಾಗುವುದಿಲ್ಲ. ಹಳೆಯ ಮನೆ ಕಣ್ಣೆದುರಿಗಿರುತ್ತದೆ, ಅಜ್ಜನನ್ನು ಕಂಡ ನೆರೆಯವರು ಇರುತ್ತಾರೆ. ಡೊಂಬಿವಲಿಯ ಮೂರನೆಯ ಮಾಳಿಗೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಧಾರವಾಡದ ಅಜ್ಜನೂ ಕುಂದಾಪುರದ ಅಜ್ಜಿಯೂ ಬಹುಮಟ್ಟಿಗೆ ಪಟದಲ್ಲಿಯೇ ಇರುವವರು. ಹಾಗಿರುವಾಗ ಆ ಪಟ ಸರಿಯಾಗಿರಬೇಕು, ನಿಜವಾಗಿರಬೇಕು, ಉಳಿದೂ ಇರಬೇಕು. ನಾವು ಇಂದು ಹೇಳುವುದೆಲ್ಲ ಈ ಮೂರಕ್ಕೆ ಸಂಬಂಧಪಟ್ಟದ್ದು.

ಮೊದಲು ದುಡ್ಡಿನ ವಿಚಾರ ಮುಗಿಸೋಣ.

ನಮ್ಮ ತಂದೆಯವರ ಕಾಲದಲ್ಲಿ ಸಾಮಾನ್ಯ ಮನೆಯ ಕ್ಯಾಮೆರಾ ಎಂದರೆ ಆಗ್ಫಾ ಕ್ಲಿಕ್ 3. ಒಂದು ಸುರುಳಿಗೆ 12 ಪಟ. ಹನ್ನೆರಡರಲ್ಲಿ ಒಂದನ್ನು ಒತ್ತುವ ಮೊದಲು ಮನುಷ್ಯ ಎರಡು ಸಲ ಯೋಚಿಸುತ್ತಿದ್ದ. ಈಗ ಕಿಸೆಯಲ್ಲಿರುವ ಫೋನಿನಲ್ಲಿ ಸಾವಿರ ಪಟ ಹಿಡಿಯುತ್ತದೆ. ಹಾಗೆಂದು ಫೋನನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಲೆಕ್ಕ ನೋಡಿ: ಅಚ್ಚಿನ ಒಂದು ಇಂಚಿಗೆ 300 ಚುಕ್ಕೆಯಂತೆ ಹಿಡಿದರೆ, 12 ಇಂಚು ಅಗಲ 8 ಇಂಚು ಎತ್ತರದ ಪಟಕ್ಕೆ ಬೇಕಾದದ್ದು 3600ನ್ನು 2400ರಿಂದ ಗುಣಿಸಿದಷ್ಟು, ಅಂದರೆ 86 ಲಕ್ಷ 40 ಸಾವಿರ ಚುಕ್ಕೆ. 12 ಮೆಗಾಪಿಕ್ಸೆಲಿನ ಸಾಧಾರಣ ಫೋನು ಇದನ್ನು ಮೀರುತ್ತದೆ. ಗೋಡೆಗೆ ಹಾಕುವ ಪಟಕ್ಕೆ, ಹಗಲಿನ ಬೆಳಕಿನಲ್ಲಿ, ಹತ್ತಿರ ನಿಂತ ಮನುಷ್ಯನಿಗೆ ಫೋನು ಸಾಕು. ಸಾಲದಿರುವುದು ಎರಡು ಕಡೆ. ದೂರದ ಹಕ್ಕಿಗೆ ಮತ್ತು ಕತ್ತಲೆಯ ರಂಗಸ್ಥಳಕ್ಕೆ. ಇವೆರಡರ ಹುಚ್ಚು ಇಲ್ಲದವರು ಕ್ಯಾಮೆರಾಕ್ಕೆ ಇಟ್ಟ ಹಣವನ್ನು ಠೇವಣಿಯಲ್ಲಿಟ್ಟು ಸುಖವಾಗಿರಬಹುದು.

ಹುಚ್ಚು ಇದ್ದೇ ಇದೆ ಎನ್ನುವವರಿಗೆ ಮಾತ್ರ ಮುಂದಿನ ಮಾತು. ಕ್ಯಾಮೆರಾದ ಒಡಲು ಬೇರೆ, ಮಸೂರ ಬೇರೆ. ಒಡಲಿನ ಬೆಲೆ ಹೊಸ ಮಾದರಿ ಬಂದ ದಿನವೇ ಇಳಿಯುತ್ತದೆ. ಒಳ್ಳೆಯ ಮಸೂರ ಹತ್ತು ವರ್ಷವಾದರೂ ಮಸೂರವೇ. ಆದಕಾರಣ ನೂರು ರೂಪಾಯಿಯಲ್ಲಿ ಅರವತ್ತು ಮಸೂರಕ್ಕೆ, ನಲವತ್ತು ಒಡಲಿಗೆ ಎಂದು ಹಂಚುವುದು ನಮ್ಮ ಪದ್ಧತಿ. ಅಂಗಡಿಯವರು ಇದನ್ನು ತಲೆಕೆಳಗಾಗಿ ಹೇಳುತ್ತಾರೆ. ಅವರಿಗೂ ಸಂಸಾರವಿದೆ.

ಕಂತಿನ ಮೇಲೆ ಕೊಳ್ಳುವವರಿಗೆ ನಮ್ಮ ವೃತ್ತಿಯ ಕಡೆಯಿಂದ ಒಂದು ಎಚ್ಚರಿಕೆ. "ಬಡ್ಡಿಯಿಲ್ಲದ ಕಂತು" ಎಂಬ ಫಲಕ ಕಂಡಾಗ ಕಣ್ಣು ಅರಳಿಸಬೇಡಿ. ಶೂನ್ಯ ಬಡ್ಡಿ ಎಂಬ ವಸ್ತುವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿಯು ಬೆಲೆಯೊಳಗೆ ಅಡಗಿರುತ್ತದೆ. ಅಥವಾ ರೊಕ್ಕಕ್ಕೆ ಕೊಡುವ ಸೋಡಿಯನ್ನು ನಿಮಗೆ ಕೊಡದೆ ಹಿಡಿದಿರುತ್ತಾರೆ. ರೊಕ್ಕದ ಬೆಲೆ ಎಷ್ಟು, ಕಂತಿನ ಒಟ್ಟು ಎಷ್ಟು, ಸಂಸ್ಕರಣದ ಶುಲ್ಕ ಎಷ್ಟು, ಅದರ ಮೇಲಿನ ತೆರಿಗೆ ಎಷ್ಟು ಎಂದು ನಾಲ್ಕು ಅಂಕಿ ಒಂದರ ಕೆಳಗೊಂದು ಬರೆದು ಕೂಡಿ ನೋಡಿರಿ. ಅಷ್ಟು ಮಾಡಿದ ಮೇಲೂ ಕೊಳ್ಳುವ ಮನಸ್ಸು ಉಳಿದರೆ ಕೊಳ್ಳಿರಿ.

ಕೈಬದಲಾದ ಸಾಮಾನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕೋಟೆಯ ಬೋರಾ ಬಜಾರಿನ ಓಣಿಗಳಲ್ಲಿ ಕ್ಯಾಮೆರಾ ಮಾರುವವರೂ ರಿಪೇರಿ ಮಾಡುವವರೂ ಸಾಲಾಗಿ ಕುಳಿತಿದ್ದಾರೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ ಇಳಿದವನಿಗೆ ಕಾಲ್ನಡಿಗೆಯ ದಾರಿ. ಹೋಗುವಾಗ ಒಂದು ಸಣ್ಣ ಬ್ಯಾಟರಿ ದೀಪ ಜೊತೆಗಿರಲಿ. ಮಸೂರದ ಹಿಂದಿನಿಂದ ದೀಪ ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಬೇಕು. ಒಳಗೆ ಜೇಡನ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು; ಎಷ್ಟು ಅಗ್ಗವಾದರೂ ಬೇಡ. ಒಡಲಾದರೆ ಪರದೆ ಎಷ್ಟು ಸಲ ಬಿದ್ದಿದೆಯೆಂದು ಕೇಳಬೇಕು. ಆರಂಭದ ದರ್ಜೆಯ ಯಂತ್ರಗಳ ಪರದೆಯ ಆಯುಷ್ಯವನ್ನು ಸುಮಾರು ಒಂದು ಲಕ್ಷ ಹೊಡೆತವೆಂದು ಹಿಡಿಯುವುದು ರೂಢಿ. ಎಂಬತ್ತು ಸಾವಿರ ದಾಟಿದ್ದನ್ನು ಮಾರುವವನು ಹೇಳುವ ಬೆಲೆಗೆ ಕೊಳ್ಳಬೇಕಾಗಿಲ್ಲ. ರಸೀದಿ ಇಲ್ಲದ ಹೊಸ ಸಾಮಾನನ್ನಂತೂ ಮುಟ್ಟಲೇಬೇಡಿ, ಕೆಟ್ಟರೆ ಕೇಳುವವರಿಲ್ಲ.

ಈಗ ಖಾಡಿಗೆ ಹೋಗೋಣ. ನಮ್ಮ ಈ ನಾಲ್ಕು ಊರುಗಳವರ ಭಾಗ್ಯವನ್ನು ಮುಂಬಯಿಯ ಬೇರೆ ಉಪನಗರದವರು ಕರುಬಬೇಕು. 1990ರ ದಶಕದಿಂದೀಚೆಗೆ ಥಾಣೆ ಖಾಡಿಯ ಕೆಸರಿಗೆ ಪ್ರತಿ ಚಳಿಗಾಲ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಸಾವಿರಗಟ್ಟಲೆ ಬಂದಿಳಿಯುತ್ತವೆ. ನವೆಂಬರ್ ಡಿಸೆಂಬರಿಗೆ ಬಂದು ಮೇ ಕಳೆಯುವವರೆಗೆ ನಿಲ್ಲುತ್ತವೆ. 2015ರಲ್ಲಿ ಮಹಾರಾಷ್ಟ್ರ ಸರಕಾರವು ಖಾಡಿಯ ಸುಮಾರು 1690 ಹೆಕ್ಟೇರನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಕಲ್ಯಾಣದಿಂದಲೋ ಡೊಂಬಿವಲಿಯಿಂದಲೋ ಬಂದು ಥಾಣೆಯಲ್ಲಿ ಟ್ರಾನ್ಸ್ ಹಾರ್ಬರಿನ ಗಾಡಿ ಹತ್ತಿದರೆ ದಿಘಾ ಗಾಂವ್ ಕಳೆದ ಕೂಡಲೆ ಐರೋಲಿ. ಅಲ್ಲಿನ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ದೋಣಿಗಳು ಹೊರಡುತ್ತವೆ. ರಾಜಸ್ಥಾನಕ್ಕೋ ಆಫ್ರಿಕಕ್ಕೋ ಹೋಗಿ ಲಕ್ಷ ಸುರಿಯುವವರಿಗೆ ಸಿಗುವ ನೋಟ ನಮಗೆ ಲೋಕಲ್ ಗಾಡಿಯ ತಿಕೀಟಿಗೆ ಸಿಗುತ್ತದೆ.

ಆದರೆ ಅನೇಕರು ಹೋಗಿ ಬರಿಗೈಯಲ್ಲಿ ಬರುತ್ತಾರೆ, ಬಂದು ಕ್ಯಾಮೆರಾವನ್ನು ಬೈಯುತ್ತಾರೆ. ತಪ್ಪು ಕ್ಯಾಮೆರಾದ್ದಲ್ಲ, ಪಂಚಾಂಗದ್ದು. ಇಲ್ಲಿ ನೋಡಬೇಕಾದ ಪಂಚಾಂಗವೆಂದರೆ ಭರತ ಇಳಿತದ ಪಟ್ಟಿ. ದೋಣಿಗೆ ನೀರು ಬೇಕು, ಹಕ್ಕಿಗೆ ಕೆಸರು ಬೇಕು. ನೀರು ಪೂರಾ ಇಳಿದಾಗ ಹಕ್ಕಿಗಳು ಕೆಸರಿನ ಮೇಲೆ ಎಲ್ಲೋ ದೂರ ಚದುರಿ ಮೇಯುತ್ತವೆ. ಪೂರಾ ಏರಿದಾಗ ಕೆಸರು ಮುಳುಗಿ ಅವು ಎದ್ದು ಹೋಗುತ್ತವೆ. ನೀರು ಏರುತ್ತಿರುವ, ಕೆಸರು ಇನ್ನೂ ಅಂಚಿನಲ್ಲಿ ಉಳಿದಿರುವ ಆ ಒಂದೆರಡು ಗಂಟೆಯೇ ಪಟದ ಮುಹೂರ್ತ. ಆಗ ಅವು ನೀರಿನ ಮುಂದೆ ಮುಂದೆ ಹೆಜ್ಜೆಯಿಡುತ್ತ ತಾವಾಗಿಯೇ ಹತ್ತಿರಕ್ಕೆ ಬರುತ್ತವೆ. ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಕಳೆದ ರವಿವಾರದ ವೇಳೆ ಈ ರವಿವಾರಕ್ಕೆ ಬರುವುದಿಲ್ಲ. ದೋಣಿಯ ಖರ್ಚು ಬೇಡವೆನ್ನುವವರು ತುಂಬು ಭರತದ ಹೊತ್ತಿಗೆ ಸೀವುಡ್ಸಿನ ಕೆರೆಗಳ ದಂಡೆಗೆ ಹೋಗಿರಿ. ಖಾಡಿಯಿಂದ ಎದ್ದ ಹಕ್ಕಿಗಳು ವಿಶ್ರಾಂತಿಗೆ ಅಲ್ಲಿಗೆ ಬರುವ ರೂಢಿಯುಂಟು.

ಇನ್ನು ಬೆಳಕು. ನವಿ ಮುಂಬಯಿ ಖಾಡಿಯ ಮೂಡಣ ದಂಡೆ. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡುವವನಿಗೆ ಬೆಳಗಿನ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಮೇಲೆ ನೇರವಾಗಿ ಬೀಳುತ್ತಾನೆ. ಸಂಜೆ ಅದೇ ದಂಡೆಯಲ್ಲಿ ಹಕ್ಕಿಗಳೆಲ್ಲ ಕಪ್ಪು ನೆರಳಾಗುತ್ತವೆ. ಅದೂ ಒಂದು ಚಂದವೇ, ಆದರೆ ಬಣ್ಣ ಬೇಕಾದವನು ಸಂಜೆ ಹೋಗಿ ಗೊಣಗಬಾರದು. ಬಿಸಿಲೇರಿದ ಮೇಲೆ ಕೆಸರಿನಿಂದ ಏಳುವ ಝಳಕ್ಕೆ ದೂರದ ವಸ್ತುವೆಲ್ಲ ನಡುಗುತ್ತದೆ. ಆ ನಡುಕವನ್ನು ಎರಡು ಲಕ್ಷದ ಮಸೂರವೂ ನಿಲ್ಲಿಸಲಾರದು. ಮನೆಗೆ ಹೋಗಿ ಉಪಾಹಾರ ಮಾಡುವುದೇ ಲೇಸು.

ಮಸೂರವು 300 ಮಿ.ಮೀ. ಇದ್ದರೆ ಆರಂಭಕ್ಕೆ ಸಾಕು. ಚಿಕ್ಕ ಸಂವೇದಕದ ಕ್ಯಾಮೆರಾಗಳಲ್ಲಿ ಅದು ಒಂದೂವರೆ ಪಟ್ಟು ಹತ್ತಿರ ತಂದಂತೆ ಕೆಲಸ ಮಾಡುವುದರಿಂದ 450ಕ್ಕೆ ಸಮ. ದೋಣಿ ಅಲುಗುತ್ತಿರುವುದರಿಂದ ಮುಕ್ಕಾಲಿ ಅಲ್ಲಿ ವ್ಯರ್ಥ ಭಾರ. ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗಿಳಿಸಬೇಡಿ, ಹಾರುವ ಹಕ್ಕಿಗೆ 1/1600. ಅದಕ್ಕಾಗಿ ಐಎಸ್‌ಒ 800ಕ್ಕೋ 1600ಕ್ಕೋ ಏರಿದರೆ ಏರಲಿ. ಪಟದಲ್ಲಿ ಕಾಳು ಕಂಡರೆ ಕ್ಷಮಿಸಬಹುದು, ಅದುರಿದ್ದನ್ನು ಕ್ಷಮಿಸಲಾಗದು. ಇನ್ನೊಂದು ಸೂಕ್ಷ್ಮ. ಕ್ಯಾಮೆರಾದ ಮಾಪಕವು ಸುತ್ತಲಿನ ಕರಿ ಕೆಸರನ್ನು ನೋಡಿ ಬೆಳಕು ಕಡಿಮೆಯೆಂದು ಭ್ರಮಿಸುತ್ತದೆ, ಹಕ್ಕಿಯ ಬೆಳ್ಳಗಿನ ಗರಿಗಳನ್ನು ಸುಟ್ಟುಬಿಡುತ್ತದೆ. ಮಾಪಕವನ್ನು ಮೂರರಲ್ಲಿ ಎರಡು ಪಾಲು ಋಣದ ಕಡೆಗೆ ಇಳಿಸಿಡಿ. ಸುಟ್ಟುಹೋದ ಬಿಳುಪಿಗೆ ವಿವರ ಮರಳಿ ತರುವ ವಿದ್ಯೆ ಯಾವ ತಂತ್ರಾಂಶಕ್ಕೂ ತಿಳಿಯದು.

ಈ ಹಕ್ಕಿಯ ಬಣ್ಣದ ಮಾತಿನಿಂದಲೇ ಸಂಪಾದನೆಯ ವಿಚಾರಕ್ಕೆ ಬರಬಹುದು. ತೆಗೆದ ಪಟವನ್ನು ಕಂಪ್ಯೂಟರಿನಲ್ಲಿ ತಿದ್ದುವುದಕ್ಕೆ ಈಗ ಎಡಿಟಿಂಗ್ ಎನ್ನುತ್ತಾರೆ. ನಮ್ಮ ಬಳಗಗಳಲ್ಲಿ ಹರಿದಾಡುವ ಫ್ಲೆಮಿಂಗೊ ಪಟಗಳನ್ನು ನೋಡಿದರೆ, ಹಕ್ಕಿಗಳು ಗುಲಾಬಿ ಶರಬತ್ತಿನಲ್ಲಿ ಮುಳುಗೆದ್ದಂತೆ ಕಾಣುತ್ತವೆ. ನಿಜವೇನು? ಇಲ್ಲಿ ಎರಡು ಜಾತಿಗಳಿವೆ. ದೊಡ್ಡದು ಬಹುಮಟ್ಟಿಗೆ ಬಿಳಿ, ರೆಕ್ಕೆ ಬಿಚ್ಚಿದಾಗ ಮಾತ್ರ ಕೆಂಪು. ಚಿಕ್ಕದು ಹೆಚ್ಚು ಗುಲಾಬಿ, ಕೊಕ್ಕು ಕಡುಗೆಂಪು. ಆಹಾರದ ಪಾಚಿಯಲ್ಲಿರುವ ವರ್ಣದ್ರವ್ಯದಿಂದ ಆ ಬಣ್ಣ ಬರುತ್ತದೆ. ಮರಿಗಳು ಬೂದು ಬಣ್ಣದವು. ಕೆಂಪೇರುವುದಕ್ಕೆ ಎರಡು ಮೂರು ವರ್ಷ ಬೇಕು. ಬಣ್ಣದ ಗುಂಡಿಯನ್ನು ಬಲಕ್ಕೆ ತಿರುಗಿಸಿದೊಡನೆ ದೊಡ್ಡದು ಚಿಕ್ಕದಾಗುತ್ತದೆ, ಮರಿ ಮುದಿಯಾಗುತ್ತದೆ! ಗುಂಪಿನಲ್ಲಿ ಬೂದು ಹಕ್ಕಿಗಳೆಷ್ಟು ಎಂಬುದರಿಂದ ಆ ವರ್ಷ ಮರಿಗಳೆಷ್ಟು ಬದುಕಿ ಬಂದವೆಂದು ಬಲ್ಲವರು ಊಹಿಸುತ್ತಾರೆ. ನಾವು ಅಂದಕ್ಕೆಂದು ಮಾಡಿದ ತಿದ್ದುಪಡಿಯಿಂದ ಆ ಲೆಕ್ಕವೇ ಅಳಿಸಿಹೋಗುತ್ತದೆ.

ಇದು ಬರಿಯ ಪಂಡಿತರ ಚಿಂತೆಯೆಂದು ತಿಳಿಯಬೇಡಿ. ಸೀವುಡ್ಸಿನ ಸುತ್ತಣ ಜೌಗು ನೆಲಗಳು ಉಳಿಯಬೇಕೋ ಕಟ್ಟಡಗಳಾಗಬೇಕೋ ಎಂಬ ವ್ಯಾಜ್ಯವು ವರ್ಷಗಟ್ಟಲೆ ನಡೆದಿರುವುದನ್ನು ಪತ್ರಿಕೆಗಳಲ್ಲಿ ನೀವು ಓದಿದ್ದೀರಿ. 2024ರ ಮೇ ತಿಂಗಳಲ್ಲಿ ಘಾಟ್ಕೋಪರಿನ ಮೇಲೆ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕಿಂತ ಹೆಚ್ಚು ಫ್ಲೆಮಿಂಗೊಗಳು ಸತ್ತುಬಿದ್ದವು. ಇಂಥ ಸಮಯದಲ್ಲಿ ಇಂಥ ಕೆರೆಯಲ್ಲಿ ಇಂಥ ತಾರೀಖು ಹಕ್ಕಿಗಳಿದ್ದವು ಎಂದು ತೋರಿಸಬಲ್ಲ ಹವ್ಯಾಸಿಯ ಪಟ ಸಣ್ಣ ವಸ್ತುವಲ್ಲ. ಆದರೆ ಆಕಾಶವನ್ನು ಬದಲಿಸಿ, ಬೇರೆ ದಿನದ ಹಕ್ಕಿಗಳನ್ನು ತಂದು ಅಂಟಿಸಿ, ಮೂಲವನ್ನು ಅಳಿಸಿಹಾಕಿದ ಪಟವನ್ನು ಯಾರು ನಂಬಿಯಾರು?

ನಮ್ಮ ಬ್ಯಾಂಕುಗಳಲ್ಲಿ ಒಂದು ನಿಯಮವುಂಟು. ಲೆಡ್ಜರಿನಲ್ಲಿ ಅಂಕಿ ತಪ್ಪಿದರೆ ಕೆರೆದು ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಕಿರುರುಜು ಹಾಕಬೇಕು. ಹಳೆಯ ಅಂಕಿ ಓದುವಂತಿರಬೇಕು. ಲೆಡ್ಜರು ಹೋಗಿ ಕಂಪ್ಯೂಟರು ಬಂದರೂ ಆ ತತ್ವ ಹೋಗಿಲ್ಲ. ಪಟ ತಿದ್ದುವವರೂ ಇದನ್ನೇ ಹಿಡಿಯತಕ್ಕದ್ದು. ಕ್ಯಾಮೆರಾದಲ್ಲಿ ರಾ ಎಂಬ ಕಚ್ಚಾ ಕಡತವನ್ನು ಉಳಿಸುವ ಸೌಲಭ್ಯವಿದ್ದರೆ ಅದನ್ನು ಉಪಯೋಗಿಸಿ. ಅದೇ ನಿಮ್ಮ ಮೂಲ ವೋಚರು. ಸಾಮಾನ್ಯ ಜೆಪೆಗ್ ಕಡತವು ಪ್ರತಿ ವರ್ಣಕ್ಕೆ 256 ಮೆಟ್ಟಿಲನ್ನು ಮಾತ್ರ ಇಟ್ಟುಕೊಳ್ಳುತ್ತದೆ. 14 ಬಿಟ್ಟಿನ ರಾ ಕಡತದಲ್ಲಿ 16,384 ಮೆಟ್ಟಿಲು. ನೆರಳಿನಲ್ಲಿದ್ದ ಮುಖವನ್ನು ಬೆಳಗಿಸುವಾಗ ಈ ಹೆಚ್ಚಿನ ಮೆಟ್ಟಿಲುಗಳೇ ಕೈಹಿಡಿಯುತ್ತವೆ. ತಂತ್ರಾಂಶಕ್ಕೆ ತಿಂಗಳ ಬಾಡಿಗೆ ಕಟ್ಟಬೇಕಾದ್ದಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಎಂಬವು ಪುಕ್ಕಟೆ ದೊರೆಯುತ್ತವೆ, ಫೋನಿನಲ್ಲಾದರೆ ಸ್ನ್ಯಾಪ್‌ಸೀಡ್. ಇವುಗಳಲ್ಲಿ ಮೂಲವು ಕೆಡುವುದಿಲ್ಲ, ತಿದ್ದಿದ ಪ್ರತಿ ಬೇರೆಯಾಗಿ ಹೊರಬರುತ್ತದೆ.

ತಿದ್ದುವ ಕ್ರಮವನ್ನು ಕೇಳುವವರಿಗೆ: ಮೊದಲು ಕ್ಷಿತಿಜವನ್ನು ನೆಟ್ಟಗೆ ಮಾಡಿರಿ. ಖಾಡಿಯ ನೀರು ಓರೆಯಾಗಿ ಸುರಿದುಹೋಗುವಂತಿದ್ದರೆ ಮಿಕ್ಕ ಚಮತ್ಕಾರವೆಲ್ಲ ದಂಡ. ಆಮೇಲೆ ಅಂಚು ಕತ್ತರಿಸುವುದು, ಆಮೇಲೆ ಬೆಳಕು, ಆಮೇಲೆ ಬಿಳಿಯ ಸಮತೋಲ, ಕಟ್ಟಕಡೆಗೆ ಬಣ್ಣ. ಬಣ್ಣಕ್ಕೆ ಬರುವ ಹೊತ್ತಿಗೆ ಬಹಳ ಸಲ ಮಾಡುವುದೇನೂ ಉಳಿದಿರುವುದಿಲ್ಲ. ತಿದ್ದಿ ಮುಗಿಸಿದ್ದನ್ನು ಅಂದೇ ಯಾರಿಗೂ ಕಳಿಸಬೇಡಿ. ಮರುದಿನ ಬೆಳಗ್ಗೆ ಮೂಲದ ಪಕ್ಕದಲ್ಲಿಟ್ಟು ನೋಡಿದರೆ ರಾತ್ರಿಯ ಉತ್ಸಾಹ ಎಷ್ಟು ಹೆಚ್ಚಾಯಿತೆಂಬುದು ತಾನಾಗಿ ತಿಳಿಯುತ್ತದೆ. ಅಚ್ಚು ಕಪ್ಪಾಗಿ ಬಂತೆಂದು ಸ್ಟುಡಿಯೋದವರ ಮೇಲೆ ಹರಿಹಾಯುವವರಿದ್ದಾರೆ. ಅನೇಕ ಸಲ ಕಾರಣ ಮನೆಯ ಪರದೆಯ ಬೆಳಕು ತೀರ ಹೆಚ್ಚಾಗಿರುವುದು. ಅದನ್ನು ಅರ್ಧಕ್ಕಿಳಿಸಿ ತಿದ್ದಿರಿ.

ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಮಾಸಿದ ಹಳೆಯ ಪಟವನ್ನು ಕೊಟ್ಟರೆ ಕ್ಷಣದಲ್ಲಿ ಹೊಸದಾಗಿ ಮಾಡಿ ಕೊಡುತ್ತವೆ. ನೋಡುವುದಕ್ಕೆ ಬೆರಗು. ಆದರೆ ಆ ಯಂತ್ರ ನಿಮ್ಮ ಅಜ್ಜಿಯನ್ನು ಕಂಡದ್ದಲ್ಲ. ಮಸುಕಾದ ಕಡೆ ತಾನು ನೋಡಿದ ಲಕ್ಷಾಂತರ ಮುಖಗಳಿಂದ ಊಹಿಸಿ ತುಂಬುತ್ತದೆ. ಮೂಗುತಿ ಇದ್ದ ಕಡೆ ನೆರಳು, ಸುಕ್ಕಿದ್ದ ಕಡೆ ನುಣುಪು. ಹೊರಬರುವ ಹೊತ್ತಿಗೆ ಆಕೆ ಇನ್ನಾರದೋ ಅಜ್ಜಿ. ಆಕೆಯನ್ನು ಕಂಡವರು ಮನೆಯಲ್ಲಿ ಇರುವವರೆಗೆ "ಇದು ಹಾಗಲ್ಲ" ಎಂದಾರು. ಅವರೂ ತೀರಿದ ಮೇಲೆ ಮೊಮ್ಮಕ್ಕಳಿಗೆ ಆ ಅಪರಿಚಿತೆಯೇ ಅಜ್ಜಿಯಾಗುತ್ತಾಳೆ. ಮದುವೆಯ ಪಟದಲ್ಲಿ ತೀರಿಹೋದ ತಂದೆಯವರನ್ನು ತಂದು ನಿಲ್ಲಿಸುವುದೂ ಈಚೆಗೆ ರೂಢಿಯಾಗುತ್ತಿದೆ. ಹಾಗೆ ಮಾಡುವವರ ದುಃಖವನ್ನು ನಾವು ಬಲ್ಲೆವು, ಬೇಡವೆನ್ನಲಾರೆವು. ಅದನ್ನು ಬೇರೆ ಚೀಲದಲ್ಲಿಟ್ಟು "ಇದು ಜೋಡಿಸಿದ್ದು" ಎಂದು ಬರೆದಿಡಿ, ಮೂಲವನ್ನು ಬಿಸಾಡಬೇಡಿ. ಇಷ್ಟೇ ನಮ್ಮ ಬಿನ್ನಹ.

ಇನ್ನು ರಂಗಸ್ಥಳ. ಥಾಣೆಯ ಗಡಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರೀಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹ ಇವೆಲ್ಲ ನಮ್ಮವರಿಗೆ ತಿಳಿದ ಜಾಗಗಳು. ಯಕ್ಷಗಾನದ ವೇಷ ಕುಣಿಯುವಾಗ ಮುಂದಿನ ಸಾಲಿನಿಂದ ಫ್ಲ್ಯಾಶು ಹೊಡೆಯುವವರನ್ನು ಕಂಡರೆ ನಮಗೆ ಕೋಪ ಬರುತ್ತದೆ. ಕಲಾವಿದನ ಕಣ್ಣಿಗೆ ಪೆಟ್ಟು, ಪಟವೂ ಹಾಳು. ಕಿರೀಟದ ಕನ್ನಡಿಯ ಚೂರುಗಳೆಲ್ಲ ಬಿಳಿ ಚುಕ್ಕೆಗಳಾಗುತ್ತವೆ. ಫ್ಲ್ಯಾಶು ಬಿಟ್ಟು ಐಎಸ್‌ಒ 3200ಕ್ಕೆ ಏರಿಸಿ, ಮಸೂರದ ಕಂಡಿಯನ್ನು ಪೂರಾ ತೆರೆದು, ವೇಗವನ್ನು 1/250ರಲ್ಲಿಡಿ. ಈಗಿನ ಎಲ್ಇಡಿ ದೀಪಗಳಿಂದ ಪಟದ ಮೇಲೆ ಅಡ್ಡಪಟ್ಟೆಗಳು ಬೀಳುವುದುಂಟು. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅದರ ಮೇಲೆ ನಡೆಯುವ ದೀಪವು ಸೆಕೆಂಡಿಗೆ 100 ಸಲ ಮಿನುಗಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಪರದೆಯನ್ನು ಬಿಟ್ಟು ಯಾಂತ್ರಿಕ ಪರದೆಯನ್ನು ಬಳಸಿ. ಆಗಲೂ ಪಟ್ಟೆ ಬಿದ್ದರೆ 1/100ಕ್ಕೆ ಇಳಿದು, ವೇಷ ನಿಲ್ಲುವ ಗಳಿಗೆಗಾಗಿ ಕಾಯಿರಿ. ಚೆಂಡೆ ಮದ್ದಳೆಯ ಏರಿಳಿತ ಬಲ್ಲವನಿಗೆ ಆ ಗಳಿಗೆ ಮೊದಲೇ ತಿಳಿಯುತ್ತದೆ. ಇದರಲ್ಲಿ ನಮ್ಮ ಮನೆಯ ಹುಡುಗರು ಯಾವ ದೊಡ್ಡ ಛಾಯಾಗ್ರಾಹಕನನ್ನೂ ಹಿಂದೆ ಹಾಕಬಲ್ಲರು, ಆಟ ನೋಡಿ ಬೆಳೆದವರಾದರೆ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲವೆಂಬುದನ್ನು ಹುಡುಗರಿಗೆ ಹೇಳಬೇಕು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಕಪ್ಪು ಬಿಳುಪಿನಲ್ಲಿ ಸಾಮಾನ್ಯ ಜನರನ್ನೂ ಮಕ್ಕಳನ್ನೂ ತೆಗೆದು ಜಗತ್ತಿನ ಪತ್ರಿಕೆಗಳಿಗೆ ಮುಟ್ಟಿಸಿದರು. 1977ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ವನ್ಯಜೀವಿಗಳ ಪಟಕ್ಕೆ ಹೆಸರಾದವರು. ಸಂಡೂರಿನ ಎಂ. ವೈ. ಘೋರ್ಪಡೆಯವರು ಕರ್ನಾಟಕದ ಅರ್ಥಸಚಿವರಾಗಿದ್ದವರು, ಕಾಡಿನ ಪಟಗಳಿಗಾಗಿ ದೇಶದ ಹೊರಗೂ ಪ್ರಸಿದ್ಧರು. ಒಂದು ರಾಜ್ಯದ ಖಜಾನೆ ನೋಡಿಕೊಳ್ಳುವವರಿಗೆ ಬಿಡುವು ಸಿಕ್ಕಿದ್ದರೆ ಗುಮಾಸ್ತನಿಗೆ ಸಿಗದೆ? ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪಟಗಳನ್ನು ನೋಡದ ಕನ್ನಡ ಮನೆ ವಿರಳ.

ಇನ್ನು ಉಳಿಸುವ ವಿಚಾರ. ಪಟ ತೆಗೆಯುವವರು ಸಾವಿರ, ಉಳಿಸುವವರು ಹತ್ತು. ನಮ್ಮ ಈ ಭಾಗದಲ್ಲಿ ಜೂನ್‌ನಿಂದ ಸಪ್ಟೆಂಬರದವರೆಗೆ ಗಾಳಿಯೇ ಒದ್ದೆ. ಕಪಾಟಿನ ಚರ್ಮದ ಚೀಲದಲ್ಲಿಟ್ಟ ಮಸೂರ ದಸರೆಗೆ ತೆಗೆಯುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಚರ್ಮವು ತೇವವನ್ನು ಹಿಡಿದಿಡುತ್ತದೆ, ಕತ್ತಲೆ ಬೂಷ್ಟಿಗೆ ಪ್ರಿಯ. ದೊಡ್ಡ ಬೆಲೆಯ ವಿದ್ಯುತ್ ಪೆಟ್ಟಿಗೆ ಬೇಡ. ಅಡಿಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಪಾವು ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ, ಇಷ್ಟು ಸಾಕು. ಮಾಪಕ 40ರಿಂದ 50ರ ನಡುವೆ ಇರಬೇಕು. ಹರಳುಗಳ ಬಣ್ಣ ಬದಲಾದಾಗ ಅವನ್ನು ಮೆಲ್ಲನೆ ಬಿಸಿಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಊಟದ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ಅಕ್ಕಿಯಲ್ಲಿ ಹುಗಿದಿಡುವ ಮನೆಮದ್ದು ಧೂಳಿಗೆ ಆಹ್ವಾನ. ಮಳೆಗಾಲದಲ್ಲಿಯೂ ವಾರಕ್ಕೊಮ್ಮೆ ತೆಗೆದು ಬೆಳಕಿನಲ್ಲಿ ನಾಲ್ಕು ಪಟ ಹೊಡೆಯಿರಿ.

2005ರ ಜುಲೈ 26ನ್ನು ಕಲ್ಯಾಣ ಡೊಂಬಿವಲಿಯವರು ಮರೆತಿರಲಾರರು. ಸಾಂತಾಕ್ರೂಜಿನ ಮಾಪಕದಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ, ಉಲ್ಲಾಸ ನದಿಯ ನೀರು ಕಲ್ಯಾಣದ ತಗ್ಗಿನ ಮನೆಗಳಿಗೆ ನುಗ್ಗಿತು. 2019ರ ಜುಲೈಯಲ್ಲಿ ಅದೇ ನದಿ ಉಕ್ಕಿ, ಕೊಲ್ಹಾಪುರಕ್ಕೆ ಹೋಗುವ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ಸನ್ನು ವಾಂಗಣಿಯ ಬಳಿ ನೀರಿನ ನಡುವೆ ನಿಲ್ಲಿಸಿತು. ಇಂಥ ನೀರಿನಲ್ಲಿ ಹೋದ ಮಂಚ ಕಪಾಟುಗಳನ್ನು ಮತ್ತೆ ಕೊಳ್ಳಬಹುದು. ಟ್ರಂಕಿನ ಪಟಗಳನ್ನು ಕೊಡುವ ಅಂಗಡಿಯಿಲ್ಲ. ನೆನೆದ ಪಟಗಳನ್ನು ಜನ ಬಿಸಿಲಿಗೆ ಹಾಕುತ್ತಾರೆ ಅಥವಾ ಒಂದರ ಮೇಲೊಂದು ಹಾಗೆಯೇ ಒಣಗಲು ಬಿಡುತ್ತಾರೆ; ಅಂಟಿ ಒಣಗಿದ ಮೇಲೆ ಬಿಡಿಸಿದರೆ ಮುಖವೇ ಕಿತ್ತುಬರುತ್ತದೆ. ಮಾಡಬೇಕಾದ್ದು ಹೀಗೆ. ಒದ್ದೆಯಾಗಿರುವಾಗಲೇ, ಬೇಕಾದರೆ ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿಟ್ಟು, ಒಂದೊಂದಾಗಿ ಬಿಡಿಸಿರಿ. ಚಿತ್ರದ ಮೈಯನ್ನು ಬೆರಳಿನಿಂದ ಉಜ್ಜದೆ ಕೆಸರು ತೊಳೆದು, ಚಿತ್ರ ಮೇಲಾಗಿ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿರಿ. ಕೈಗೆ ಮೀರುವಷ್ಟಿದ್ದರೆ ನಡುನಡುವೆ ಮೇಣದ ಕಾಗದ ಇಟ್ಟು ಶೈತ್ಯಪೆಟ್ಟಿಗೆಯ ಹಿಮದ ಖಾನೆಯಲ್ಲಿ ಇಟ್ಟುಬಿಡಿ, ಬಿಡುವಾದಾಗ ತೆಗೆಯಬಹುದು.

ನೀರು ಬರುವವರೆಗೆ ಕಾಯುವುದೇಕೆ? ಇದೇ ದೀಪಾವಳಿಯ ರಜೆಯಲ್ಲಿ ಮನೆಯ ಹಳೆಯ ಪಟಗಳ ಪ್ರತಿ ಮಾಡಿಕೊಳ್ಳಿರಿ. ಸ್ಕ್ಯಾನರಿದ್ದರೆ ಇಂಚಿಗೆ 600 ಚುಕ್ಕೆ. ಇಲ್ಲದವರು ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ, ಪಟವನ್ನು ಚಪ್ಪಟೆಯಾಗಿಟ್ಟು ಮೇಲಿನಿಂದ ಫೋನಿನಲ್ಲಿ ತೆಗೆಯಬಹುದು. ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳ ಮೇಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಹುಬ್ಬಳ್ಳಿಯ ತಮ್ಮನ ಮನೆಗಿಂತ ಒಳ್ಳೆಯ ಜಾಗ ಬೇರೆ ಯಾವುದು? ಬಂಧುಗಳಿಗೆ ವಾಟ್ಸಾಪಿನಲ್ಲಿ ಪಟವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ದಾಖಲೆ ಎಂಬ ಗುಂಡಿಯಿಂದ ಕಳಿಸಿದರೆ ಹಾಗೆಯೇ ಮುಟ್ಟುತ್ತದೆ. ಕಡತದ ಹೆಸರು ವರ್ಷ, ತಿಂಗಳು, ದಿನ, ಊರು ಎಂಬ ಕ್ರಮದಲ್ಲಿದ್ದರೆ ನೂರು ವರ್ಷವಾದರೂ ತಾನಾಗಿ ಸಾಲಾಗಿ ನಿಲ್ಲುತ್ತದೆ.

ಕಾಗದದ ಪಟಗಳ ಬೆನ್ನಿಗೆ ಹೆಸರು ಬರೆಯುವಾಗ ಬಾಲ್ ಪೆನ್ನು ಬೇಡ. ಅದರ ಒತ್ತು ಮುಂದೆ ಮೂಡುತ್ತದೆ, ಶಾಯಿ ಪಕ್ಕದ ಪಟಕ್ಕೆ ಹತ್ತುತ್ತದೆ. ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರಾಗಿ ಬರೆಯಿರಿ. "ಅಜ್ಜ" ಎಂದು ಬರೆದರೆ ಸಾಲದು. ಯಾರ ಅಜ್ಜ, ಹೆಸರೇನು, ಯಾವ ಊರು, ಯಾವ ವರ್ಷ, ಪಕ್ಕದಲ್ಲಿ ನಿಂತ ಹುಡುಗ ಯಾರು ಎಂಬುದೆಲ್ಲ ಇರಲಿ. ಊರಿನಲ್ಲಿ ಎಂಬತ್ತು ದಾಟಿದ ಸೋದರತ್ತೆಯೊಬ್ಬರು ಇದ್ದರೆ ಈ ಸಲ ಹೋದಾಗ ಆಲ್ಬಮ್ಮು ಅವರ ಮುಂದೆ ಬಿಚ್ಚಿ, ಅವರು ಹೆಸರು ಹೇಳುತ್ತ ಹೋಗುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಬರೆಯುವ ಕೆಲಸವನ್ನು ಮಕ್ಕಳಿಗೆ ಕೊಡಬಹುದು, ಕನ್ನಡದಲ್ಲಿ. ತಪ್ಪಿದರೆ ಪೆನ್ಸಿಲು ತಾನೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದರಾಯಿತು.

ವೇಳೆ ಮೀರಿದೆಯೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಡಬ್ಬಿ, ಹರಳು, ಮಾಪಕ ಮೂರನ್ನೂ ತಂದು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇವೆ. ಚಹದ ಹೊತ್ತಿನಲ್ಲಿ ನೋಡಬಹುದು. ಮಸೂರ ತಂದವರಿದ್ದರೆ ದೀಪವೂ ಇದೆ, ಬೂಷ್ಟು ಇದೆಯೋ ಇಲ್ಲವೋ ಪರೀಕ್ಷಿಸಿ ಹೇಳುತ್ತೇವೆ.